ಏಳನೇ ಮನೆಯ ಒಲೆ

ಫೋನಿನ ಪರದೆಯ ಮೇಲಿನ ಒಂದು ಗುಂಡಿ ಎಷ್ಟು ಅಗಲವಿರಬೇಕು ಎಂದು ನಾಲ್ಕು ದಿನ ಜಗಳವಾಡಿದವಳು ಅಣ್ಣನ ರಾಜೀನಾಮೆ ಪತ್ರವನ್ನು ನಾಲ್ಕು ನಿಮಿಷದಲ್ಲಿ ಬರೆದು ಮುಗಿಸಿದ್ದಳು. ಅದೂ ಊಟದ ಮೇಜಿನ ಮೇಲೆ, ಎಂಜಲು ತಟ್ಟೆಯನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಫೋನಿನಲ್ಲಿ. ಅಣ್ಣ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟುಕೊಂಡು ತನ್ನ ದುಂಡನೆಯ ಅಕ್ಷರದಲ್ಲಿ ಬಿಳಿ ಹಾಳೆಗೆ ನಕಲು ಮಾಡಿಕೊಂಡ. ಮಧ್ಯೆ ಪೆನ್ನು ನಿಲ್ಲಿಸಿ, "ಇಪ್ಪತ್ತಾರು ವರ್ಷ ಅಂತ ಹಾಕ್ಲಾ, ಇಪ್ಪತ್ತಾರೂವರೆ ಅಂತ ಹಾಕ್ಲಾ?" ಎಂದು ಕೇಳಿದ. "ಯಾವುದಾದ್ರೂ ಹಾಕಣ್ಣ, ಅವರೇನು ಕೂತ್ಕೊಂಡು ಎಣಿಸ್ತಾರಾ?" ಎಂದಳು. ಅವನು ಇಪ್ಪತ್ತಾರು ಎಂದಷ್ಟೇ ಬರೆದ. ಇದು ನಿನ್ನೆ ರಾತ್ರಿ ಊಟವಾದ ಮೇಲಿನ ಮಾತು. ಈಗ ಆಫೀಸಿನ ಲಿಫ್ಟಿನಲ್ಲಿ, ಎದುರಿನ ಕನ್ನಡಿಯಲ್ಲಿ ತನ್ನ ಮುಖವನ್ನೇ ತಾನು ಗುರುತು ಹಿಡಿಯದವಳಂತೆ ನೋಡುತ್ತ ನಿಂತಿದ್ದಾಗ, ಆ ಬಿಟ್ಟುಹೋದ ಅರ್ಧ ವರ್ಷ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಅವಳನ್ನು ಕಾಡತೊಡಗಿತು. ಒಂದು ‘ಊವರೆ’ ಹಾಕೋ ಅಂದಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

ಲಿಫ್ಟಿನಿಂದ ಇಳಿದಾಗ ಕನ್ನಡಕದವನು ಬಾಗಿಲಲ್ಲೇ ಕಾಯುತ್ತಿದ್ದ. ಅವನು ಎಂಜಿನಿಯರ್; ಅವಳು ಬಿಡಿಸಿದ್ದನ್ನು ಓಡುವಂತೆ ಮಾಡುವವನು. ಫೋನಿನಿಂದಲೇ ಗಾಜಿನ ಮೈಯ ಕರೆಂಟಿನ ಒಲೆ, ಓವನ್, ಕೆಟಲ್, ಫ್ರಿಜ್ ಎಲ್ಲವನ್ನೂ ನಡೆಸುವ ಆ್ಯಪ್ ಒಂದನ್ನು ಅವರಿಬ್ಬರೂ ಇನ್ನೂ ಆರು ಜನರೊಡನೆ ಸೇರಿ ವರ್ಷದಿಂದ ಕಟ್ಟುತ್ತಿದ್ದರು. ಅದು ಹೇಗೆ ಕಾಣಬೇಕು, ಯಾವ ಬೆರಳು ಎಲ್ಲಿಗೆ ಹೋಗಬೇಕು, ಯಾವ ಮಾತು ಯಾವಾಗ ಬರಬೇಕು ಎಂಬುದು ಅವಳ ಕೆಲಸ. ಅದಕ್ಕೇ ಅವಳನ್ನು ಬೆನ್ನ ಹಿಂದೆ ‘ಗುಂಡಿ ಮೇಡಂ’ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಆ್ಯಪಿನ ಕೆಳತುದಿಯಲ್ಲಿ, ಹೆಬ್ಬೆರಳು ತಾನಾಗಿ ಬಂದು ಬೀಳುವ ಜಾಗದಲ್ಲಿ, ಒಂದು ದೊಡ್ಡ ಗುಂಡಿ: ‘ಎಲ್ಲ ಆಫ್’. ಮನೆ ಬಿಟ್ಟು ಅರ್ಧ ದಾರಿಗೆ ಬಂದವರಿಗೆ ಒಲೆ ನೆನಪಾಗಿ ಎದೆ ಹೊಡೆದುಕೊಳ್ಳುತ್ತದಲ್ಲ, ಅವರಿಗಾಗಿ. ಒತ್ತಿದ ಮೇಲೆ ‘ನಿಜಕ್ಕೂ ಆಫ್ ಮಾಡಬೇಕೇ?’ ಎಂದು ಒಂದು ಸಲ ಕೇಳಬೇಕು ಎಂದು ಕನ್ನಡಕದವನು ಹಟ ಹಿಡಿದಿದ್ದ. "ಕೇಳಿದಷ್ಟೂ ಜನ ಹೆದರ್ತಾರೆ. ಕೇಳ್ಬೇಡ, ಮಾಡು," ಎಂದು ಅವಳು ಆ ಪ್ರಶ್ನೆಯನ್ನು ಕಿತ್ತುಹಾಕಿಸಿದ್ದಳು. ದೂರದಿಂದ ಆಫ್ ಮಾಡಿದಾಗ ಒಲೆ ಕೀಂ ಎನ್ನುತ್ತಿತ್ತು. ಅದು ಆಸ್ಪತ್ರೆಯ ಸದ್ದಿನ ಹಾಗಿದೆ ಎಂದು ಅದನ್ನೂ ತೆಗೆಸಿದಳು. ಯಾರು ಆಫ್ ಮಾಡಿದರು ಎಂದು ಒಲೆಯ ಮೇಲೆ ಒಂದು ಸಣ್ಣ ಚಿಹ್ನೆ ಬರುತ್ತಿತ್ತು. ಅಡುಗೆ ಮಾಡುವವರಿಗೆ ಅದೆಲ್ಲ ಯಾಕೆ ಎಂದು ಅದೂ ಹೋಯಿತು. ಈಗ ಒಲೆ ಮಗು ನಿದ್ದೆ ಹೋದಷ್ಟು ಸದ್ದಿಲ್ಲದೆ ಆರುತ್ತಿತ್ತು.

ಆ್ಯಪನ್ನು ಹೊರಗಿನವರ ಕೈಯಲ್ಲಿ ಆಡಿಸಿ ನೋಡುವ ದಿನಗಳಿರುತ್ತಿದ್ದವು. ಒಮ್ಮೆ ಒಬ್ಬ ಮುದುಕ ದರ್ಜಿ ಬಂದಿದ್ದ. "ಕೆಟಲ್ ಆನ್ ಮಾಡಿ ನೋಡೋಣ" ಎಂದರೆ ಅವನು ಪರದೆಯನ್ನು ನೋಡುವ ಬದಲು ಅವಳ ಮುಖವನ್ನೇ ನೋಡುತ್ತಿದ್ದ. ಬೆರಳನ್ನು ಒಂದು ಗುಂಡಿಯ ಹತ್ತಿರ ಒಯ್ದು, ಅವಳ ಹುಬ್ಬು ಏನು ಹೇಳುತ್ತದೆ ಎಂದು ಕಾದು, ಇನ್ನೊಂದರ ಹತ್ತಿರ ಒಯ್ದು, ಮತ್ತೆ ಕಾದು. "ಇದೇ ಅಲ್ವಾ ಮೇಡಂ? ನೀವು ಹೇಳಿದ್ರೆ ಇದೇ." ಎಲ್ಲರೂ ಹಾಗೇ. ಬಳಸುವವರು ಪರದೆಯನ್ನು ಓದುವುದಿಲ್ಲ, ಪಕ್ಕದಲ್ಲಿ ಕೂತವರ ಮುಖವನ್ನು ಓದುತ್ತಾರೆ. ಆದ್ದರಿಂದ ಹೊಸದಾಗಿ ಸೇರಿದವರಿಗೆಲ್ಲ ಅವಳು ಹೇಳಿಕೊಡುತ್ತಿದ್ದ ಮೊದಲ ಪಾಠವೇ ಇದು: ತಲೆ ಅಲ್ಲಾಡಿಸಬಾರದು, ನಗಬಾರದು, ಮುಖ ಗೋಡೆಯಂತಿರಬೇಕು. ಕೊನೆಗೆ ದರ್ಜಿ ತಪ್ಪು ಗುಂಡಿ ಒತ್ತಿ, ಶಾಲೆಯಲ್ಲಿ ಬೈಸಿಕೊಂಡವನಂತೆ ಕೈ ಹಿಂದಕ್ಕೆ ಕಟ್ಟಿಕೊಂಡು ಕೂತ. ಈಚೆಗೆ ಅಣ್ಣನೂ ಅಡುಗೆಮನೆಯಲ್ಲಿ ಹಾಗೆಯೇ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತಿದ್ದ, ಒಲೆಯಿಂದ ಮೂರು ಹೆಜ್ಜೆ ದೂರದಲ್ಲಿ, ತನ್ನ ಕೈಗಳನ್ನು ತಾನೇ ಹಿಡಿದಿಟ್ಟುಕೊಂಡವನಂತೆ.

ದೊಡ್ಡ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಅವನು ಬಾಣಸಿಗ. ಮುನ್ನೂರು ತಟ್ಟೆ, ಉಪ್ಪಿರುವವರದು, ಉಪ್ಪಿಲ್ಲದವರದು, ಅಗಿಯಲಾಗದವರದು, ಎಲ್ಲ ಅವನ ತಲೆಯಲ್ಲೇ ಇರುತ್ತಿತ್ತು, ಚೀಟಿ ನೋಡುತ್ತಿದ್ದವನಲ್ಲ. ಮಧ್ಯಾಹ್ನ ಎರಡಕ್ಕೆ ಅವನ ಪಾಳಿ ಶುರು. ಬೆಳಗಿನ ಹೊತ್ತು ಮನೆಯಲ್ಲಿ ತಮ್ಮಿಬ್ಬರಿಗೆ ಅಡುಗೆ ಮಾಡಿಟ್ಟು ಹೋಗುತ್ತಿದ್ದ. ಮದುವೆ ಅವನಿಗೆ ಕೂಡಿಬರಲಿಲ್ಲ, ಅವಳದು ಕೂಡಿಬಂದೂ ಉಳಿಯಲಿಲ್ಲ. ಹಾಗಾಗಿ ಮೂರನೇ ಮಹಡಿಯ ಆ ಎರಡು ಕೋಣೆಯಲ್ಲಿ ಅಣ್ಣ ತಂಗಿ ಇಬ್ಬರೇ. ಏಳು ತಿಂಗಳ ಹಿಂದೆ ಒಂದು ಸಂಜೆ ಫೋನು ಮಾಡಿ, "ಗುಬ್ಬಿ, ಇವತ್ತೊಂದು ತಮಾಷೆ ಆಯ್ತು. ಬೆಳಿಗ್ಗೆ ಮನೇಲಿ ಸೂಪಿಗೆ ಇಟ್ಟು ಈರುಳ್ಳಿ ಹೆಚ್ತಾ ಇದ್ದೆ, ತಿರುಗಿ ನೋಡಿದ್ರೆ ಒಲೆ ಆಫ್!" ಎಂದಿದ್ದ. ಇಬ್ಬರೂ ನಕ್ಕಿದ್ದರು. ಆಮೇಲೆ ವಾರಕ್ಕೆರಡು ಸಲವಾಯಿತು, ಆಮೇಲೆ ದಿನ ಬಿಟ್ಟು ದಿನ. ಒಲೆ ಕೆಟ್ಟಿರಬೇಕು ಎಂದು ಅವನು ಮೊದಲು ಹೇಳಿದ್ದು ನಿಜ. ರಿಪೇರಿಯವನು ಒಂದು ಭಾನುವಾರ ಬಂದು ಎರಡು ಗಂಟೆ ಕೂತು ನೋಡಿದ. ಒಲೆಗೆ ಏನೂ ಆಗಿರಲಿಲ್ಲ. ಭಾನುವಾರ ಯಾವತ್ತೂ ಏನೂ ಆಗುತ್ತಿರಲಿಲ್ಲ. "ನೀನು ಮನೇಲಿದ್ರೆ ಆಗೋದೇ ಇಲ್ಲ ನೋಡು," ಎಂದು ಅಣ್ಣನೇ ಅಚ್ಚರಿಪಟ್ಟ. ತಾವೇ ಆಫ್ ಮಾಡಿ ಮರೆಯುತ್ತಿರಬೇಕು, ಒಬ್ಬರೇ ಇದ್ದಾಗ ಹೀಗಾಗುತ್ತದೆ, ವಯಸ್ಸು ಐವತ್ತೆಂಟಾಯಿತಲ್ಲ, ಎಂದು ಡಾಕ್ಟರು ಹೇಳಿ, ಮಾತ್ರೆ ಬರೆದುಕೊಟ್ಟು, ಒಂದು ನೋಟ್‌ಬುಕ್ಕಿನಲ್ಲಿ ದಿನ, ಹೊತ್ತು, ಏನಾಯಿತು ಎಂದು ಬರೆದಿಡಲು ಹೇಳಿದರು. "ಇವತ್ತು ಯಾವ ವಾರ?" ಎಂದು ಅವರು ಕೇಳಿದಾಗ ಅಣ್ಣ ಸರಿಯಾಗಿಯೇ ಹೇಳಿದ, ಆದರೆ ಹೇಳಿ ಅವಳ ಕಡೆ ನೋಡಿದ. ಅವಳಿಗೆ ನಾಚಿಕೆಯಾಯಿತು. ಅಣ್ಣನಿಗಾಗಿ ನಾಚಿಕೆಯಾಯಿತಲ್ಲ ಎಂದು ಇನ್ನೂ ನಾಚಿಕೆಯಾಯಿತು.

ಒಂದು ರಾತ್ರಿಯಂತೂ, ತಡವಾಗಿ ಕೆಲಸ ಮುಗಿಸಿ ತಲೆ ಸಿಡಿಯುತ್ತ ಬಂದವಳು, ಅವನು ಮತ್ತೆ "ನಾನು ಮುಟ್ಟೇ ಇಲ್ಲ ಗುಬ್ಬಿ" ಎಂದಾಗ ರೇಗಿಬಿಟ್ಟಿದ್ದಳು. "ಹಾಗಾದ್ರೆ ಯಾರಣ್ಣ ಬಂದು ಆಫ್ ಮಾಡ್ತಾರೆ? ನಾನು ಆಫೀಸಲ್ಲಿ ಕೂತ್ಕೊಂಡು ಮಾಡ್ತೀನಾ?" ಅವನು ಒಂದು ಗಳಿಗೆ ಅವಳನ್ನೇ ನೋಡಿ, "ಇಲ್ಲ, ನೀನ್ಯಾಕೆ ಮಾಡ್ತೀಯ," ಎಂದು ತಟ್ಟೆ ತೊಳೆಯಲು ಹೋದ. ಅವತ್ತಿನಿಂದ ‘ಮುಟ್ಟಿಲ್ಲ’ ಎಂಬ ಮಾತು ಅವನ ಬಾಯಲ್ಲಿ ಬರಲಿಲ್ಲ. ಕೆಲಸ ಬಿಡುವ ಮಾತನ್ನು ಎತ್ತಿದವನೂ ಅವನೇ. "ಮನೇಲಿ ಸೂಪು ಹಾಳಾದ್ರೆ ಹಾಳಾಯ್ತು. ಅಲ್ಲಿ ಉಪ್ಪಿರೋ ತಟ್ಟೆ ಉಪ್ಪು ತಿನ್ನಬಾರದೋರಿಗೆ ಹೋದ್ರೆ?" ಅವಳು ಪತ್ರ ಬರೆಯಲು ಫೋನು ಎತ್ತಿಕೊಂಡಳು. ಹಾಗೆ ಎತ್ತಿಕೊಂಡದ್ದು ಒಂದು ಬಗೆಯಲ್ಲಿ ಹಗುರವೂ ಎನಿಸಿತ್ತು. ಪತ್ರ ಬರೆದಾದ ಮೇಲೆ, "ಎರಡಕ್ಕೆ ಪಾಳಿಗೆ ಹೋದಾಗ ಕೊಡು. ಮತ್ತೆ ನಾಳೆಯಿಂದ ಒಲೆ ಆಫ್ ಆದ ತಕ್ಷಣ ನನಗೊಂದು ಮೆಸೇಜ್ ಹಾಕು, ಡಾಕ್ಟರಿಗೆ ತೋರಿಸೋಣ," ಎಂದಿದ್ದಳು. "ಹೂಂ ಕಣಮ್ಮ" ಎಂದಿದ್ದ.

ಹನ್ನೊಂದಕ್ಕೆ ದೊಡ್ಡ ಕೋಣೆಯಲ್ಲಿ ಎಲ್ಲರೂ ಸೇರಿದರು. ಮುಖ್ಯಸ್ಥರು, ಒಲೆ ತಯಾರಿಸುವ ಕಾರ್ಖಾನೆಯಿಂದ ಬಂದ ಮೂವರು, ಗೋಡೆಗೆ ಒರಗಿ ನಿಂತ ತಂಡದವರು. ಪರೀಕ್ಷೆಗೆಂದು ಇಟ್ಟಿದ್ದ ಫೋನಿನ ಚಾರ್ಜು ಮುಗಿದಿತ್ತು. ಇಂಥ ಹೊತ್ತಿಗೇ ಮುಗಿಯುತ್ತದೆ ಅದು. ಅವಳು ತನ್ನ ಫೋನನ್ನೇ ಗೋಡೆಯ ಪರದೆಗೆ ಜೋಡಿಸಿದಳು. ಅವಳ ಅಂಗೈಯಲ್ಲಿದ್ದದ್ದೆಲ್ಲ ಗೋಡೆಯ ಮೇಲೆ ಆಳೆತ್ತರವಾಗಿ ಕಂಡಿತು. "ಯಾವ ಮನೆ ತೋರಿಸ್ತೀರಿ?" ಎಂದು ಮುಖ್ಯಸ್ಥರು ಕೇಳಿದರು. ಕಂಪ್ಯೂಟರಿನೊಳಗೆ ಮಾತ್ರ ಇರುವ ಸುಳ್ಳು ಮನೆಗಳ ಪಟ್ಟಿಯೊಂದಿತ್ತು, ಒಂದರಿಂದ ಏಳು. ಒಲೆಯೂ ಸುಳ್ಳು, ಶಾಖವೂ ಸುಳ್ಳು, ಗುಂಡಿ ಒತ್ತಿ ನೋಡಲಿಕ್ಕೆಂದೇ ಮಾಡಿದ್ದು. "ಏಳನೇದೇ ತೋರಿಸಿ ಮೇಡಂ, ಅದೇ ಚೆನ್ನಾಗಿರೋದು," ಎಂದ ಕನ್ನಡಕದವನು. ಅದು ತಂಡದಲ್ಲಿ ಎಲ್ಲರಿಗೂ ಮೆಚ್ಚಿನ ಮನೆ. ಉಳಿದ ಆರೂ ಒತ್ತಿದ ಕೂಡಲೇ ಗಿಣಿಯಂತೆ ಉತ್ತರ ಕೊಡುತ್ತಿದ್ದವು; ಏಳನೆಯದು ಮಾತ್ರ ಒಂದೂವರೆ ಸೆಕೆಂಡು ತಡೆದು, ನಿಜವಾದ ಒಲೆಯ ಹಾಗೆಯೇ, ಆರುತ್ತಿತ್ತು. ಅಷ್ಟೇ ಅಲ್ಲ, ಆರಿದ ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ತಾನೇ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಇಷ್ಟು ಜೀವ ತುಂಬಿ ಇದನ್ನು ಬರೆದ ಪುಣ್ಯಾತ್ಮ ಯಾರು ಎಂದು ಒಬ್ಬರನ್ನೊಬ್ಬರು ಚುಡಾಯಿಸಿದ್ದುಂಟು, ಯಾರೂ ಒಪ್ಪಿಕೊಂಡಿರಲಿಲ್ಲ.

ಅವಳು ಏಳನೇ ಮನೆ ತೆರೆದಳು. ಗೋಡೆಯ ಮೇಲೆ ಕೆಂಪು ಬಳೆಯಂತೆ ಒಲೆ ಉರಿಯುತ್ತಿತ್ತು, ಶಾಖ ಆರನೇ ಮಟ್ಟದಲ್ಲಿ. "ನೀವು ಮನೆಯಿಂದ ಹೊರಗಿದ್ದೀರಿ, ಒಲೆ ನೆನಪಾಯಿತು ಅಂದುಕೊಳ್ಳಿ," ಎನ್ನುತ್ತ ಹೆಬ್ಬೆರಳಿನಿಂದ ‘ಎಲ್ಲ ಆಫ್’ ಒತ್ತಿದಳು. ಒಂದು, ಒಂದೂವರೆ, ಬಳೆ ಕಪ್ಪಾಯಿತು. ಕಾರ್ಖಾನೆಯವರು ತಲೆದೂಗಿದರು. ಅವಳು ಪ್ರಶ್ನೆ ಕೇಳದಿರುವುದರ ಲಾಭವನ್ನು ವಿವರಿಸುತ್ತಿದ್ದಾಗ ಪರದೆಯ ನೆತ್ತಿಯಿಂದ ಒಂದು ಮೆಸೇಜು ಇಳಿದು ಗೋಡೆಯ ತುಂಬ ನಿಂತಿತು. ‘ಗುಬ್ಬಿ, ಮತ್ತೆ ಆಫ್ ಮಾಡಿಬಿಟ್ಟೆ. ತಕ್ಷಣ ಹೇಳು ಅಂದಿದ್ದೆಯಲ್ಲ, ಅದಕ್ಕೆ.’ ಯಾರೋ "ಗುಬ್ಬಿ!" ಎಂದು ಕಿಸಕ್ಕನೆ ನಕ್ಕರು. ಅವಳ ಕಿವಿ ಕೆಂಪಾಯಿತು. ಐವತ್ತರ ಹತ್ತಿರಕ್ಕೆ ಬಂದ ಹೆಂಗಸನ್ನು ಮನೆಯಲ್ಲಿ ಹೀಗೆ ಕರೆಯುತ್ತಾರೆ ಎಂಬುದು ನಾಳೆ ಊಟದ ಹೊತ್ತಿಗೆ ಇಡೀ ಮಹಡಿಗೆ ಗೊತ್ತಾಗುತ್ತದೆ. ಆ ಕ್ಷಣಕ್ಕೆ ಅವಳಿಗೆ ಹೊಳೆದದ್ದು ಇಷ್ಟೇ, ನಾಚಿಕೆಗೇಡು. ಮೆಸೇಜನ್ನು ಒರೆಸಿ ಹಾಕಿದಳು. ಅಷ್ಟರಲ್ಲಿ ಬಳೆ ಮತ್ತೆ ಕೆಂಪಾಯಿತು. "ನೋಡಿ, ಹಠಮಾರಿ ಮನೆ ಇದು," ಎಂದು ಕನ್ನಡಕದವನು ಅತಿಥಿಗಳನ್ನು ನಗಿಸಿದ. ಅವಳು ಮತ್ತೆ ಒತ್ತಿದಳು. ಬಳೆ ಕಪ್ಪಾಯಿತು. ನೆತ್ತಿಯಿಂದ ಇಳಿಯಿತು: ‘ಮತ್ತೆ.’

ಆಗಲೂ ಅವಳಿಗೆ ಅರ್ಥವಾಗಲಿಲ್ಲ, ಅಥವಾ ತಲೆಗೆ ಅರ್ಥವಾಗುವ ಮೊದಲು ಕೈಗೆ ಅರ್ಥವಾಯಿತು. ಹೆಬ್ಬೆರಳು ಗುಂಡಿಯಿಂದ ಹಿಂದೆ ಸರಿಯಿತು. ಗೋಡೆಯ ಮೇಲೆ ಬಳೆ ಮೂರನೇ ಸಲ ಕೆಂಪಾಗುವುದನ್ನು ನೋಡುತ್ತ ನಿಂತಳು. ಯಾರೋ ಆ ಗಾಜಿನ ಮೇಲೆ ಬೆರಳಿಟ್ಟು ಹೊತ್ತಿಸುತ್ತಿದ್ದಾರೆ, ಈಗ, ಇದೇ ಗಳಿಗೆಯಲ್ಲಿ, ಉಸಿರು ಬಿಗಿಹಿಡಿದು. "ಒತ್ತಿ ಮೇಡಂ, ಇನ್ನೊಂದು ಸಲ," ಎಂದರು ಕಾರ್ಖಾನೆಯವರಲ್ಲೊಬ್ಬರು, ಆಟ ನೋಡುವ ಮಕ್ಕಳ ಉತ್ಸಾಹದಲ್ಲಿ. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಒತ್ತಿದಳು. ಅದನ್ನು ಆಮೇಲೆ ಎಷ್ಟು ಸಲ ನೆನೆದರೂ ಅವಳಿಗೆ ನಂಬಲಾಗಲಿಲ್ಲ: ಗೊತ್ತಾಗಿಯೂ, ಬರೀ ಎಲ್ಲರೂ ನೋಡುತ್ತಿದ್ದಾರೆಂಬ ಕಾರಣಕ್ಕೆ, ಒತ್ತಿದಳು. ಬಳೆ ಕಪ್ಪಾಯಿತು. ಸ್ವಲ್ಪ ಹೊತ್ತಾದ ಮೇಲೆ ಇಳಿಯಿತು: ‘ಮೂರು ಸಲ ಆಯ್ತು ಇವತ್ತು. ನನ್ನ ಕೈ ನನ್ನ ಮಾತು ಕೇಳ್ತಿಲ್ಲ ಗುಬ್ಬಿ.’ ಈ ಸಲ ಯಾರೂ ನಗಲಿಲ್ಲ, ಆದರೆ ಯಾರಿಗೂ ಏನೂ ತಿಳಿಯಲಿಲ್ಲ. ಅವಳು ಫೋನನ್ನು ಗೋಡೆಯಿಂದ ಕಿತ್ತುಕೊಂಡು ಹೊರಗೆ ಬಂದಳು.

ಕಾರಿಡಾರಿನಲ್ಲಿ ಕನ್ನಡಕದವನು ಹಿಂದೆಯೇ ಓಡಿಬಂದ. ಎಂಟು ತಿಂಗಳ ಹಿಂದೆ, ಒಲೆಯ ಮೊದಲ ಮಾದರಿ ಬಂದಾಗ, ನಿಜವಾದ ಒಲೆ ಎಷ್ಟು ತಡೆದು ಆರುತ್ತದೆ ಎಂದು ನೋಡಲು ಅವಳೇ ಅದನ್ನು ಮನೆಗೆ ಒಯ್ದಿದ್ದಳು, ಎರಡು ದಿನಕ್ಕೆಂದು. ಪಟ್ಟಿಯಲ್ಲಿ ಅದನ್ನು ಏಳನೇ ಮನೆ ಎಂದು ಸೇರಿಸಿದವಳೂ ಅವಳೇ. ಅಣ್ಣನಿಗೆ ಒಲೆ ಇಷ್ಟವಾಗಿ ಅಲ್ಲೇ ಉಳಿಯಿತು. ಹಳೆಯ ಪಟ್ಟಿ ಅಳಿಸಿ ಹೊಸದು ಮಾಡಿದ್ದಾಯಿತು ಎಂದು ಮರುತಿಂಗಳು ಕನ್ನಡಕದವನು ಹೇಳಿದ್ದ. ಹೊಸ ಪಟ್ಟಿಯಲ್ಲೂ ಏಳು ಮನೆ ಕಂಡಾಗ ಏಳನೆಯದನ್ನು ಅವನೇ ಹೊಸದಾಗಿ ಕಟ್ಟಿರಬೇಕು ಎಂದುಕೊಂಡಳು. ಅವಳೇ ಕಟ್ಟಿರಬೇಕು ಎಂದು ಅವನು ಹಾಗೆಯೇ ಈ ಪಟ್ಟಿಗೆ ಎತ್ತಿಹಾಕಿದ್ದ. ಕೇಳುವುದು ಇಬ್ಬರಿಗೂ ಹೊಳೆದಿರಲಿಲ್ಲ. "ಮೇಡಂ, ಅದು ಸುಳ್ಳು ಮನೆ ಅಲ್ವಾ? ಅಲ್ಲಿ ಯಾರೂ ಇಲ್ಲ ಅಲ್ವಾ?" ಎಂದ ಅವನು, ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು. ಕನ್ನಡಕವಿಲ್ಲದ ಅವನ ಮುಖ ತೀರ ಎಳೆಯದಾಗಿ ಕಂಡಿತು. "ಅಲ್ಲಿ ನಮ್ಮಣ್ಣ ಇದ್ದಾನೆ," ಎಂದಳು.

ಟ್ಯಾಕ್ಸಿಯಲ್ಲಿ ಕೂತು ಅವಳು ಏಳನೇ ಮನೆಯ ದಾಖಲೆ ತೆರೆದಳು. ಯಾರು ಒತ್ತಿದರು, ಯಾವಾಗ ಒತ್ತಿದರು, ಎಲ್ಲ ಅದರಲ್ಲಿತ್ತು. ಅಡುಗೆ ಮಾಡುವವರಿಗೆ ಯಾಕೆ ಎಂದು ಕಿತ್ತುಹಾಕಿದ್ದು ತಂಡದವರ ಕಣ್ಣಿಗೆ ಮಾತ್ರ ಉಳಿದಿತ್ತು. ನೂರಾ ಹನ್ನೆರಡು ಸಲ. ಅದರಲ್ಲಿ ಅರವತ್ತಮೂರು ಅವಳದೇ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರೊಳಗೆ, ಭಾನುವಾರ ಬಿಟ್ಟು. ಗುಂಡಿಯ ಬಣ್ಣ ಸರಿಯಿದೆಯೇ ಎಂದು ಒತ್ತಿದ್ದು, ಒತ್ತಿದಾಗ ಬೆರಳಿಗೆ ಹಿತವೆನಿಸುತ್ತದೆಯೇ ಎಂದು ಒತ್ತಿದ್ದು, ಯಾರದೋ ಮಾತು ಬೇಸರವಾದಾಗ ಸುಮ್ಮನೆ ಒತ್ತಿದ್ದು. ಗಾಳಿಗೆಂದು ಕಿಟಕಿ ಇಳಿಸಿ ತಲೆ ಹೊರಗೆ ಚಾಚಿದಳು. ಚಾಲಕ ಕನ್ನಡಿಯಲ್ಲಿ ನೋಡಿ, "ಮೇಡಂ, ವಾಂತಿ ಬರೋ ಹಾಗಿದ್ರೆ ಮೊದಲೇ ಹೇಳಿ, ಸೀಟು ಹೊಸದು," ಎಂದ. ಇಲ್ಲ ಎಂದು ತಲೆಯಾಡಿಸಿದಳು. ಪುಟದ ಕೆಳಗೆ ಇನ್ನೊಂದು ಗುಂಡಿಯಿತ್ತು, ಅದನ್ನೂ ಅವಳೇ ಬಿಡಿಸಿದ್ದು: ‘ಮನೆ ಅಳಿಸು’. ಒತ್ತಿದರೆ ಮುಗಿಯಿತು. ನಾಳೆಯಿಂದ ಒಲೆ ಆರುವುದಿಲ್ಲ. ಮಾತ್ರೆ ಕೆಲಸ ಮಾಡಿತು ಎನ್ನುತ್ತಾರೆ ಡಾಕ್ಟರು, ಅಣ್ಣ ಹಿಗ್ಗುತ್ತಾನೆ, ಪತ್ರವನ್ನು ಇನ್ನೊಂದು ತಿಂಗಳು ಇಟ್ಕೋ ಅಣ್ಣ, ಆಮೇಲೆ ನೋಡೋಣ ಎಂದರೆ ಸಾಕು. ಯಾರಿಗೂ ಏನೂ ಹೇಳಬೇಕಾಗಿಲ್ಲ. ಎಷ್ಟು ಸಲೀಸಾಗಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ತಾನು ಇದರಿಂದ ಹೊರಗೆ ಬರಬಹುದು ಎಂದು ಅವಳಿಗೆ ಗೊತ್ತಾಯಿತು, ಮತ್ತು ಅಷ್ಟು ಬೇಗ ಗೊತ್ತಾದದ್ದಕ್ಕೆ ಬೆಚ್ಚಿದಳು. ಹಿಂದೆಯೂ ಒಮ್ಮೆ ಹೀಗೇ. ಅವಳಿಗಾಗ ಒಂಬತ್ತು ವರ್ಷ, ಹಾಲು ಕಾಯಲು ಇಟ್ಟು ಆಟಕ್ಕೆ ಹೋಗಿ, ಪಾತ್ರೆ ಸೀದು ಮನೆಯೆಲ್ಲ ಹೊಗೆ. ಯಾರು ಇಟ್ಟಿದ್ದು ಎಂದು ಅಪ್ಪ ಗದರಿದಾಗ ಅವಳು ಅಣ್ಣನ ಕಡೆ ನೋಡಿದಳು, ಬರೀ ನೋಡಿದಳು. "ನಾನೇ, ಮರೆತುಬಿಟ್ಟೆ," ಎಂದು ಅಣ್ಣ ಕೆನ್ನೆಗೆ ಏಟು ತಿಂದ. ಎಷ್ಟು ಸಹಜವಾಗಿ ಹೇಳಿದನೆಂದರೆ ಎಷ್ಟೋ ವರ್ಷ ಅವಳೂ ಹಾಗೆಯೇ ನೆನಪಿಟ್ಟುಕೊಂಡಿದ್ದಳು. ಅವಳು ಫೋನನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದಳು.

ಮನೆ ತಲುಪಿದಾಗ ಹನ್ನೆರಡೂ ಮುಕ್ಕಾಲು. ಅಣ್ಣ ಒಲೆಯಿಂದ ಮೂರು ಹೆಜ್ಜೆ ದೂರದಲ್ಲಿ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದ; ಸೂಪು ಕುದಿಯುತ್ತಿತ್ತು. "ಅರೆ, ಇಷ್ಟು ಬೇಗ! ಮೆಸೇಜ್ ನೋಡಿ ಓಡಿಬಂದ್ಯಾ? ಅಷ್ಟಕ್ಕೆಲ್ಲ ಬರ್ತಾರೇನಮ್ಮ, ಕೆಲಸ ಬಿಟ್ಟು?" ಎಂದ. ಚಪ್ಪಲಿ ಕೂಡ ಬಿಡದೆ ಅವಳು ಕೇಳಿದ್ದು ಒಂದೇ: "ಅಣ್ಣ, ಪತ್ರ ಎಲ್ಲಿ? ಕೊಡು ಇಲ್ಲಿ."

"ಕೊಟ್ಟಾಯ್ತಲ್ಲ."

"ಎರಡಕ್ಕೆ ಅಲ್ವಾ ಪಾಳಿ?"

"ಎರಡಕ್ಕೆ ಅಂತ ಇಟ್ಕೊಂಡು ಮರೆತುಬಿಟ್ರೆ ಅಂತ, ಬೆಳಿಗ್ಗೆ ನೀನು ಹೋದ ತಕ್ಷಣ ಹೋಗಿ ಕೊಟ್ಟು ಬಂದೆ." ಅಣ್ಣ ಮೆಚ್ಚುಗೆಗೆ ಕಾದವನಂತೆ ನಕ್ಕ. "ನಮ್ಮ ಮೇಲ್ವಿಚಾರಕಿ ತಗೊಳ್ಳೋದೇ ಇಲ್ಲ ಅಂದ್ರು. ಇವತ್ತು ಪಾಳಿಗೆ ಬರ್ಬೇಡಿ, ಮನೇಲಿ ಕೂತು ಯೋಚನೆ ಮಾಡಿ ಅಂದ್ರು. ಎರಡು ಗಂಟೆವರೆಗೆ ಡ್ರಾಯರಿನಲ್ಲೇ ಇಟ್ಟಿರ್ತೀನಿ, ಮನಸ್ಸು ಬದಲಾದ್ರೆ ಫೋನು ಮಾಡಿ, ನಿಮ್ಮ ಬಾಯಿಂದಲೇ ಹೇಳ್ಬೇಕು, ಹರಿದು ಹಾಕ್ತೀನಿ ಅಂದ್ರು. ಆಮೇಲೆ ಮೇಲಕ್ಕೆ ಕಳಿಸಲೇಬೇಕಂತೆ. ಪಾಪ, ಒಳ್ಳೆಯವರು."

ಅವಳು ಅಡುಗೆಮನೆಯ ಸ್ಟೂಲಿನ ಮೇಲೆ ಕುಸಿದು ಕೂತು ಎಲ್ಲವನ್ನೂ ಹೇಳಿದಳು. ಎರಡು ದಿನಕ್ಕೆಂದು ತಂದ ಒಲೆ, ಏಳನೇ ಮನೆ, ಹೊಸ ಪಟ್ಟಿಗೂ ದಾಟಿಬಂದ ಅದರ ಹೆಸರು, ತೆಗೆಸಿಹಾಕಿದ ಸದ್ದು, ನೂರಾ ಹನ್ನೆರಡು, ಅದರಲ್ಲಿ ತನ್ನವು ಅರವತ್ತಮೂರು. ಇವತ್ತಿನ ಮೂರನೆಯದನ್ನು ಗೊತ್ತಿದ್ದೂ ಒತ್ತಿದ್ದು. ಹೇಳುತ್ತ ಹೇಳುತ್ತ ಅಳು ಬಂತು. ಅಣ್ಣ ಡಾಕ್ಟರು ಹೇಳುವುದನ್ನು ಕೇಳುವ ಹಾಗೆ ಕತ್ತು ಒಂದು ಕಡೆ ವಾಲಿಸಿ ಕೇಳಿದ. ಮಧ್ಯೆ ಮಧ್ಯೆ "ಓ", "ಹೌದಾ" ಎಂದ. ಎಲ್ಲ ಮುಗಿದ ಮೇಲೆ ಒಂದು ಲೋಟ ನೀರು ಕೊಟ್ಟು, "ಅಳಬೇಡ ಸುಮ್ನಿರು. ನನಗೆ ಬೇಜಾರಾಗುತ್ತೆ ಅಂತ ನೀನು ಹೀಗೆಲ್ಲ ಮೈಮೇಲೆ ಹಾಕ್ಕೋಬಾರದು," ಎಂದ. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನೀರಿನ ಲೋಟವನ್ನು ಕೆಳಗಿಟ್ಟಳು. ಅವನು ನಂಬಿರಲಿಲ್ಲ.

ಫ್ರಿಜ್ಜಿನ ಮೇಲಿದ್ದ ನೋಟ್‌ಬುಕ್ಕನ್ನು ಎಳೆದುಕೊಂಡಳು. ಇಷ್ಟು ತಿಂಗಳಲ್ಲಿ ಅವಳು ಅದನ್ನು ತೆರೆದು ನೋಡಿದವಳಲ್ಲ. ಡಾಕ್ಟರು ನೋಡುತ್ತಾರಲ್ಲ ಎಂದು ಬಿಟ್ಟಿದ್ದಳು. ಇನ್ನೊಂದು ಕೈಯಲ್ಲಿ ಫೋನಿನ ದಾಖಲೆ ಹಿಡಿದು ಸಾಲು ಸಾಲು ಹೊಂದಿಸುತ್ತ ಹೋದಳು. ಎಲ್ಲ ತಾಳೆಯಾಗುತ್ತಿತ್ತು, ನಿಮಿಷಕ್ಕೆ ನಿಮಿಷ. ಮೊದಲ ಪುಟದಲ್ಲಿ, ‘ಒಲೆ ಆಫ್ ಆಗಿತ್ತು. ನಾನು ಮುಟ್ಟಿಲ್ಲ.’ ಒಂದು ತಿಂಗಳಾದ ಮೇಲೆ, ‘ಆಫ್ ಆಗಿತ್ತು. ನಾನು ಮುಟ್ಟಿಲ್ಲ ಅನ್ನಿಸುತ್ತೆ.’ ಅವಳು ರೇಗಿದ ರಾತ್ರಿಯ ಮರುದಿನ, ‘ಆಫ್ ಆಗಿತ್ತು. ಮುಟ್ಟಿರಬೇಕು.’ ಅಲ್ಲಿಂದ ಮುಂದೆ, ‘ಆಫ್ ಮಾಡಿದ್ದೇನೆ, ನೆನಪಿಲ್ಲ,’ ‘ಆಫ್ ಮಾಡಿದ್ದೇನೆ, ನೆನಪಿಲ್ಲ,’ ಪುಟದ ಮೇಲೆ ಪುಟ, ಅದೇ ದುಂಡು ಅಕ್ಷರ. ಮತ್ತೆ ಹೋದ ತಿಂಗಳು, ಹದಿನೆಂಟನೇ ತಾರೀಕು, ಹನ್ನೊಂದೂಕಾಲು: ‘ನಾನೇ ಆಫ್ ಮಾಡಿದೆ. ಎಡಗೈಯಲ್ಲಿ. ಬಲಗೈಯಲ್ಲಿ ಸೌಟು ಇತ್ತು. ಚೆನ್ನಾಗಿ ನೆನಪಿದೆ.’

"ಇದು," ಎಂದು ಅವಳು ಆ ಸಾಲಿನ ಮೇಲೆ ಬೆರಳಿಟ್ಟಳು, "ಅಣ್ಣ, ಇದು ನಾನು. ನೋಡು ಇಲ್ಲಿ, ಹನ್ನೊಂದೂ ಹದಿನೈದು, ನನ್ನ ಹೆಸರಿದೆ. ನೀನು ಮುಟ್ಟೇ ಇಲ್ಲ."

ಅಣ್ಣ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದ. "ಇಲ್ಲ ಇಲ್ಲ, ಇದು ನಾನೇ. ಬೇರೆದೆಲ್ಲ ನನಗೆ ಗೊತ್ತಿಲ್ಲ, ಇದೊಂದು ಪಕ್ಕಾ. ಸೌಟಿಂದ ಎರಡು ಹನಿ ಗಾಜಿನ ಮೇಲೆ ಬಿತ್ತು, ಒರೆಸಿದೆ ಕೂಡ." ಹೇಳುವಾಗ ಅವನ ಮುಖದಲ್ಲಿ ಒಂದು ಸಣ್ಣ ಬೆಳಕಿತ್ತು. "ಡಾಕ್ಟರೂ ಅಂದ್ರು, ಇದು ಒಳ್ಳೇ ಲಕ್ಷಣ, ಮಾಡಿದ್ದು ನೆನಪಾಗ್ತಾ ಇದೆ ಅಂತ. ಇದನ್ನೂ ಕಿತ್ಕೊಳ್ಬೇಡ ಗುಬ್ಬಿ."

ಗೋಡೆ ಗಡಿಯಾರದಲ್ಲಿ ಒಂದೂ ಮುಕ್ಕಾಲು. ಇಷ್ಟು ಹೊತ್ತು ಎಲ್ಲಿ ಹೋಯಿತೋ ತಿಳಿಯದು. ಅವಳು ಎದ್ದು ಅವನ ತೋಳು ಹಿಡಿದು ಕಿಟಕಿಯ ಹತ್ತಿರ ಕರೆದೊಯ್ದಳು, ಒಲೆಯಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ. "ಇಲ್ಲೇ ನಿಂತ್ಕೋ. ಒಲೆ ನೋಡ್ತಿರು. ಉರೀತಿದೆ ತಾನೆ?" ಅವನು ಹೂಂ ಎಂದ. ಅವಳು ತನ್ನ ಫೋನನ್ನು ಅವನ ಕಣ್ಣಮುಂದೆಯೇ ಹಿಡಿದು ಹೆಬ್ಬೆರಳಿನಿಂದ ಗುಂಡಿ ಒತ್ತಿದಳು. ಒಂದು, ಒಂದೂವರೆ. ಗಾಜಿನ ಕೆಳಗಿನ ಕೆಂಪು ಬಳೆ ಸದ್ದಿಲ್ಲದೆ ಆರಿತು. ಸೂಪಿನ ಕುದಿ ನಿಧಾನವಾಗಿ ಇಳಿಯಿತು. ಮೇಲ್ವಿಚಾರಕಿಯ ನಂಬರು ಹುಡುಕಿ ತೆಗೆದು, ಫೋನನ್ನು ಅವನ ಕಡೆಗೆ ಚಾಚಿದಳು. "ಈಗ ಹೇಳು ಅಣ್ಣ. ಯಾರು ಆಫ್ ಮಾಡಿದ್ದು?"

ಅವನು ಒಲೆಯನ್ನು ನೋಡಲಿಲ್ಲ, ಫೋನನ್ನೂ ನೋಡಲಿಲ್ಲ. ಅವಳ ಮುಖವನ್ನು ನೋಡಿದ. ಹುಬ್ಬು, ಕಣ್ಣು, ತುಟಿಯ ಕೊನೆ, ಒಂದೊಂದನ್ನೂ, ಸರಿಯಾದ ಉತ್ತರ ಎಲ್ಲಿರಬಹುದು ಎಂದು. ಅವಳು ತಲೆಯಾಡಿಸಲಿಲ್ಲ, ಮುಖ ಗೋಡೆಯಂತಿರಬೇಕೆಂದು ಹಲ್ಲು ಕಚ್ಚಿ ನಿಂತಳು, ಆದರೂ ಕಣ್ಣೀರು ಸುರಿಯುತ್ತಲೇ ಇತ್ತು. ಅವನು ಕಿಟಕಿಯ ಕಟ್ಟೆಯಿಂದ ನಿಧಾನವಾಗಿ ಕೈ ತೆಗೆದು ನೋಟ್‌ಬುಕ್ಕನ್ನು ಎತ್ತಿಕೊಂಡ, ಹೊಸ ಪುಟ ತಿರುಗಿಸಿದ, ತಾರೀಕು ಹಾಕಿದ, ಗಡಿಯಾರ ನೋಡಿ ಹೊತ್ತು ಬರೆದ. ಪೆನ್ನು ಹಾಳೆಯ ಮೇಲೆ ನಿಂತಿತು.

"ನೀನೇ ಹೇಳಮ್ಮ," ಎಂದ. "ನೀನು ಹೇಳಿದ್ದನ್ನೇ ಬರ್ಕೋತೀನಿ."